ಮುಟ್ಟಂಗಿಲ್ಲ ಅಂದ ಹುಡುಗಿ

೧೯೭೪ನೇ ಇಸವಿ. ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡಿನ ಕಡೆಯ ಒಂದು ಹೈಸ್ಕೂಲಿಗೆ ನಾನು ಹೆಡ್‌ಮಾಸ್ಟರಾಗಿ ಬಂದು ಒಂದು ವರ್ಷವಾಗಿತ್ತು. ಊರಿನ ಹೆಸರು ಬೇಡ. ತಪ್ಪು ನನ್ನದು, ಊರಿನದಲ್ಲ. ಅದಕ್ಕೂ ಮೊದಲು ಹನ್ನೊಂದು ವರ್ಷ ಚಿತ್ರದುರ್ಗದಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಕರ್ತೃ, ಕರ್ಮ, ಕ್ರಿಯಾಪದ ಎಂದು ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ತೋರಿಸುವುದರಲ್ಲಿ ನನ್ನ ಸಮಾನ ಯಾರೂ ಇಲ್ಲ ಎಂಬ ಜಂಬ ನನಗಿತ್ತು. ಈ ಜಂಬದ ಮಾತು ಮುಂದೆ ಮತ್ತೆ ಬರುತ್ತದೆ, ಆದ್ದರಿಂದ ಈಗಲೇ ಹೇಳಿಬಿಟ್ಟೆ.

ಮೊದಲ ವರ್ಷ ನಾನು ಗಮನಿಸಿದ್ದು ಒಂದೇ ವಿಷಯ. ಜೂನ್‌ನಲ್ಲಿ ಎಂಟನೇ ತರಗತಿಗೆ ಸುತ್ತಲ ಹಳ್ಳಿಗಳಿಂದ ಬಂದು ಸೇರಿದ ಮಕ್ಕಳಲ್ಲಿ ಕೆಲವರು ಆಗಸ್ಟ್ ಹೊತ್ತಿಗೆ ಕಾಣೆಯಾಗಿದ್ದರು. ಕಾರಣ ಬಡತನ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಅದಷ್ಟೇ ಅನಿಸಲಿಲ್ಲ. ಒಂದು ಕೋಣೆ, ಒಬ್ಬ ಮೇಷ್ಟ್ರ ಹಳ್ಳಿ ಶಾಲೆಯಿಂದ ಬಂದ ಮಗುವಿಗೆ ನಮ್ಮ ಕಟ್ಟಡವೇ ಒಂದು ಕಾಡು. ಯಾವ ಬಾಗಿಲು ತಳ್ಳಬಹುದು, ಯಾವುದನ್ನು ತಳ್ಳಬಾರದು, ಪುಸ್ತಕ ಯಾರನ್ನು ಕೇಳಬೇಕು, ನೀರು ಎಲ್ಲಿದೆ, ಯಾರೂ ಹೇಳುತ್ತಿರಲಿಲ್ಲ. ತಪ್ಪಿ ಯಾವುದಾದರೂ ಬಾಗಿಲಲ್ಲಿ ಇಣುಕಿದರೆ "ಏನೋ ಇಲ್ಲಿ ಕೆಲಸ?" ಎಂಬ ಗದರಿಕೆ ಮಾತ್ರ ಸಿಗುತ್ತಿತ್ತು.

ಹಾಗಾಗಿ ಎರಡನೇ ವರ್ಷ ಒಂದು "ಸ್ವಾಗತ ದಿನ" ಮಾಡುವುದೆಂದು ಹಟ ಹಿಡಿದೆ. ಶಾಲೆಯ ಪ್ರತಿಯೊಂದು ವಿಭಾಗವೂ ಹೊಸ ಮಕ್ಕಳನ್ನು ತನ್ನ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳಬೇಕು, ತನ್ನ ಕೆಲಸ ಏನೆಂದು ಹೇಳಬೇಕು. ವಿಭಾಗ ಎಂದರೆ ನೀವು ದೊಡ್ಡದೇನೋ ಅಂದುಕೊಳ್ಳಬೇಡಿ. ಲೈಬ್ರರಿ ಎಂದರೆ ಎರಡು ಬೀರು, ಅದರಲ್ಲೊಂದಕ್ಕೆ ಬೀಗವಿಲ್ಲ. ಲ್ಯಾಬ್ ಎಂದರೆ ಒಂದು ಉದ್ದನೆಯ ಮೇಜು, ಒಂದು ಸ್ಪಿರಿಟ್ ದೀಪ. ಅವುಗಳ ಜೊತೆಗೆ ಆಫೀಸು, ಡ್ರಾಯಿಂಗ್, ಡ್ರಿಲ್, ತೋಟಗಾರಿಕೆ. ಒಟ್ಟು ಆರು. ಪ್ರತಿ ಮಗುವಿಗೂ ಒಂದು ಪರಿಚಯ ಚೀಟಿ, ಅದರಲ್ಲಿ ಆರು ಚೌಕ. ಒಂದೊಂದು ಕೋಣೆಗೆ ಹೋಗಿ ಬಂದಂತೆ ಒಂದೊಂದು ಚೌಕಕ್ಕೆ ಸೀಲು.

ಸ್ಟಾಫ್ ಮೀಟಿಂಗ್‌ನಲ್ಲಿ ಹಲವರು ಮೂಗು ಮುರಿದರು. ಡ್ರಿಲ್ ಮೇಷ್ಟ್ರು, "ಸಾರ್, ಮದುವೆ ದಿಬ್ಬಣ ಬರ್ತೈತೇನೋ ಅನ್ನಂಗೆ ಮಾಡ್ತಿದೀರಲ್ಲ" ಎಂದು ನಗಿಸಿದರು. ನಾನೂ ನಕ್ಕೆ, ಆದರೆ ಬಿಡಲಿಲ್ಲ. ಮೀಟಿಂಗ್ ಮುಗಿಯುವ ಹೊತ್ತಿಗೆ ಮೂಲೆಯಲ್ಲಿ ಕುಳಿತಿದ್ದ ಹೊಲಿಗೆ ಟೀಚರ್ ಸರೋಜಮ್ಮನವರು ಕೈ ಎತ್ತಿದರು. ಶಾಲೆಯಲ್ಲಿದ್ದ ಒಬ್ಬರೇ ಮಹಿಳಾ ಸಿಬ್ಬಂದಿ ಅವರು.

"ಚೀಟೀಲಿ ನಮ್ಮ ಹೊಲಿಗೆ ರೂಮಿಗೆ ಚೌಕ ಇಲ್ವಲ್ಲ ಸಾರ್?"

"ಹೊಲಿಗೆ ಇರೋದು ನಾಲ್ಕು ಜನ ಹುಡುಗೀರಿಗೆ ತಾನೇ ಟೀಚರ್? ಮುಂದಿನ ವಾರ ನೋಡೋಣ."

"ಹುಡುಗೀರ ಹತ್ರ ಮೊದಲನೇ ದಿನವೇ ಒಂದೆರಡು ಮಾತು ಆಡೋದಿತ್ತು."

"ಮುಂದಿನ ವಾರ ಆಡಿ" ಎಂದೆ. ಆ ಒಂದೆರಡು ಮಾತು ಏನೆಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಇನ್ನೊಂದು ನಿರ್ಧಾರವನ್ನು ಮಾತ್ರ ಬಹಳ ಯೋಚಿಸಿ ಮಾಡಿದ್ದೆ. ಚೀಟಿ ಹಂಚುವ ಕೆಲಸವನ್ನು ಲೈಬ್ರರಿಯ ಅಟೆಂಡರ್ ಹನುಮಂತಪ್ಪನವರಿಗೆ ಕೊಟ್ಟೆ. ಊರ ಹೊರಗಿನ ಕೇರಿಯಿಂದ ಸರ್ಕಾರಿ ಕೆಲಸಕ್ಕೆ ಬಂದ ಮೊದಲಿಗರು ಅವರು. ಊರಿನ ಹೋಟೆಲಿನಲ್ಲಿ ಅವರಿಗೆ ಆಗಲೂ ಬೇರೆ ಲೋಟ. ನಮ್ಮ ಶಾಲೆಗೆ ಕಾಲಿಡುವ ಪ್ರತಿ ಮಗುವೂ ಮೊದಲು ಹನುಮಂತಪ್ಪನವರ ಕೈಯಿಂದಲೇ ಚೀಟಿ ತೆಗೆದುಕೊಳ್ಳಬೇಕು ಎಂಬುದು ನನ್ನ ಮನಸ್ಸಿನ ಲೆಕ್ಕ. ಯಾರಿಗೂ ಇದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಹನುಮಂತಪ್ಪನವರಿಗೆ ಅರ್ಥವಾಗಿತ್ತು. ಆ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಲ್ಲರಿಗಿಂತ ಮುಂಚೆ ಬಂದು, ಲೈಬ್ರರಿಯ ಮೇಜು ಒರೆಸಿ ಚೀಟಿಗಳನ್ನು ಜೋಡಿಸಿಟ್ಟಿದ್ದರು.

ಈಗ ಚಿತ್ತಮ್ಮ ಎಂಬ ಹುಡುಗಿಯ ವಿಷಯ. ಅಡ್ಮಿಷನ್ ನಡೆಯುತ್ತಿದ್ದಾಗ ಒಂದು ದಿನ ಈರಣ್ಣ ಎಂಬ ಕುರಿಗಾರ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಮಗಳನ್ನು ಕರೆತಂದ. ಶಾಲೆಯಿಂದ ಸುಮಾರು ನಾಲ್ಕು ಮೈಲಿ ದೂರದ ಹಟ್ಟಿ ಅವರದು. ಹಟ್ಟಿ ಎಂದರೆ ಸುತ್ತ ಮುಳ್ಳುಬೇಲಿ ಹಾಕಿಕೊಂಡ, ಕುರಿ ಸಾಕುವವರ ಪುಟ್ಟ ಊರು. ಅಲ್ಲಿಂದ ಹೈಸ್ಕೂಲಿಗೆ ಅದುವರೆಗೆ ಯಾವ ಹೆಣ್ಣುಮಗುವೂ ಬಂದಿರಲಿಲ್ಲ.

"ಏಳ್ನೇ ಕ್ಲಾಸು ಚೆನ್ನಾಗಿ ಪಾಸು ಮಾಡೈತೆ ಸಾ" ಎಂದ ಈರಣ್ಣ. "ಹಟ್ಟೀಲಿ ಹಿರೇರು ಬ್ಯಾಡ ಅಂದ್ರು. ಕಾಡಿ ಬೇಡಿ ಒಪ್ಪಿಸೀನಿ. ಒಂದು ಮಾತು ಬಂದ್ರೂ ಬಿಡಿಸಿಬಿಡು ಅಂದವ್ರೆ."

ನಾನು ಹುಡುಗಿಯ ಕಡೆ ತಿರುಗಿ, "ಓದಿ ಏನಾಗ್ತೀಯಮ್ಮ?" ಎಂದೆ.

"ಕುರಿಗೆ ಸೂಜಿ ಹಾಕೋ ಡಾಕ್ಟ್ರು" ಎಂದಳು, ತಡಮಾಡದೆ. ಹಿಂದಿನ ವರ್ಷ ಅವರ ಹಿಂಡಿಗೆ ರೋಗ ಬಂದು ಬಹಳ ಕುರಿ ಸತ್ತಿದ್ದವಂತೆ. ಸೂಜಿ ಹಾಕುವವರು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತಂತೆ. ನನಗೆ ಆ ಉತ್ತರ ತುಂಬಾ ಹಿಡಿಸಿತು. ಹೆಸರು ಬರೆದುಕೊಂಡು, ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ಅವಳಿಗೂ ಹೇಳಿದೆ: "ಸೋಮವಾರ ಸ್ವಾಗತ ದಿನ. ಯಾರು ತಪ್ಪಿಸಿಕೊಳ್ತಾರೋ ಅವರ ಹೆಸರು ಹೊಡೆದು ಹಾಕ್ತೀನಿ." ಮಕ್ಕಳೆಲ್ಲ ಬರಲಿ ಎಂದು ಹಾಕಿದ ಒಣ ಬೆದರಿಕೆ ಅದು. ಯಾರ ಹೆಸರನ್ನೂ ಹೊಡೆಯುವ ಉದ್ದೇಶ ನನಗಿರಲಿಲ್ಲ.

ಸೋಮವಾರ ಬಂತು. ಸುಮಾರು ಎಂಬತ್ತು ಮಕ್ಕಳು ಸಾಲಾಗಿ ಲೈಬ್ರರಿಯ ಬಾಗಿಲಿಗೆ ಬಂದರು. ನಾನು ಎದುರಿನ ಜಗಲಿಯಲ್ಲಿ ನಿಂತು ನೋಡುತ್ತಿದ್ದೆ. ಲಿಂಗಾಯತರ ಮಕ್ಕಳು, ನಾಯಕರ ಮಕ್ಕಳು, ಸಾಬರ ಮಕ್ಕಳು, ಎಲ್ಲರೂ ಹನುಮಂತಪ್ಪನವರ ಕೈಯಿಂದ ಚೀಟಿ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ನನ್ನ ಎದೆ ಉಬ್ಬಿತ್ತು. ಆಗ ಚಿತ್ತಮ್ಮನ ಸರದಿ ಬಂತು. ಅವಳು ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಆಚೆಗೇ ನಿಂತುಬಿಟ್ಟಳು. ಹನುಮಂತಪ್ಪನವರು ತಾವೇ ಎದ್ದು ಬಂದು, "ತಗಳವ್ವ" ಎಂದು ಚೀಟಿ ಚಾಚಿದರು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡು ಹಿಂದಕ್ಕೆ ಸರಿದಳು.

"ಮುಟ್ಟಂಗಿಲ್ಲ ಕಣಣ್ಣ. ಕೆಳಗಿಡು."

ಸಾಲು ನಿಂತುಹೋಯಿತು. ಹನುಮಂತಪ್ಪನವರು ಬಗ್ಗಿ ಚೀಟಿಯನ್ನು ನೆಲದ ಮೇಲಿಟ್ಟು, ತಲೆ ಎತ್ತದೆ ವಾಪಸ್ ಹೋಗಿ ಕುರ್ಚಿಯಲ್ಲಿ ಕುಳಿತರು. ಆ ಇಸ್ತ್ರಿ ಅಂಗಿಯ ಮನುಷ್ಯ ಹಾಗೆ ಬಗ್ಗಿದ್ದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ನೆಲದಿಂದ ಚೀಟಿ ಎತ್ತಿಕೊಂಡ ಆ ಹುಡುಗಿ ಮುಂದೆ ಯಾವ ಕೋಣೆಯ ಒಳಗೂ ಹೋಗಲಿಲ್ಲ. ಪ್ರತಿ ಕೋಣೆಯ ಕಿಟಕಿಯ ಹೊರಗೆ, ಗೋಡೆಗೆ ತಾಗದಂತೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಲ್ಯಾಬಿನಲ್ಲಿ ವಿಜ್ಞಾನದ ಮೇಷ್ಟ್ರು ಮೆಗ್ನೀಷಿಯಂ ಪಟ್ಟಿ ಹೊತ್ತಿಸಿದಾಗ ಅವಳ ಮುಖವೆಲ್ಲ ಬೆಳ್ಳಗೆ ಹೊಳೆದದ್ದನ್ನು ಕಂಡೆ. ಆಗಲೂ ನನಗೆ ಅನಿಸಿದ್ದು, ಎಷ್ಟು ಸೊಕ್ಕು ಈ ಮಗುವಿಗೆ, ಎಲ್ಲರ ಜೊತೆ ಒಳಗೆ ನಿಲ್ಲಲೂ ಆಗದಷ್ಟು, ಎಂದು.

ಮಧ್ಯಾಹ್ನ ಡ್ರಿಲ್ ಮೇಷ್ಟ್ರು ಸೀಟಿ ಊದಿ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ಚೀಟಿಗಳನ್ನು ಎತ್ತಿ ತೋರಿಸಿ ಎಂದೆ. ಎಲ್ಲರವೂ ಸೀಲಿನಿಂದ ತುಂಬಿದ್ದವು. ಚಿತ್ತಮ್ಮನದು ಪೂರ್ತಿ ಖಾಲಿ. ಅವಳನ್ನು ಮುಂದಕ್ಕೆ ಕರೆದೆ. ಬಂದಳು, ಬಂದು ಎಲ್ಲರಿಂದ ದೂರ ನಿಂತಳು.

"ಬೆಳಿಗ್ಗೆ ಚೀಟಿ ಯಾಕೆ ಕೈಯಲ್ಲಿ ತಗೊಳ್ಳಲಿಲ್ಲ?"

"ಮುಟ್ಟಂಗಿಲ್ಲ ಸಾ."

"ಯಾರನ್ನ ಮುಟ್ಟಂಗಿಲ್ಲ?"

ತಲೆ ಬಗ್ಗಿಸಿದಳು. ಮತ್ತೆ ಕೇಳಿದೆ, ದನಿ ಏರಿಸಿ ಕೇಳಿದೆ. ಅವಳ ಕಿವಿಯವರೆಗೂ ಕೆಂಪಾಯಿತು, ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಅದನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. ಮುಟ್ಟುವುದು, ಮುಟ್ಟದಿರುವುದು ಈ ಕಾಂಪೌಂಡಿನೊಳಗೆ ನಡೆಯುವುದಿಲ್ಲ, ಎಲ್ಲರ ರಕ್ತವೂ ಒಂದೇ ಎಂದು ಹತ್ತು ನಿಮಿಷ ಭಾಷಣ ಬಿಗಿದೆ. ಒಳ್ಳೆಯ ಭಾಷಣವೇ. ಕೊನೆಗೆ, "ಹನುಮಂತಪ್ಪನವರ ಕಾಲು ಮುಟ್ಟಿ ಕ್ಷಮೆ ಕೇಳು. ಇಲ್ಲದಿದ್ದರೆ ನಾಳೆಯಿಂದ ಬರಬೇಡ" ಎಂದೆ.

ಅವಳು ಹನುಮಂತಪ್ಪನವರನ್ನು ನೋಡಿದಳು. ಒಂದು ಹೆಜ್ಜೆ ಇಟ್ಟಳು ಕೂಡ. ಆಮೇಲೆ ತಡೆದು, ಗಟ್ಟಿಯಾಗಿ ತಲೆಯಾಡಿಸಿ, ಚೀಟಿಯನ್ನು ನೆಲದ ಮೇಲಿಟ್ಟು ಗೇಟಿನ ಕಡೆ ನಡೆದಳು. ಅಳುತ್ತಿದ್ದಳು. ಗಂಡುಹುಡುಗರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಆ ನಗುವನ್ನೂ ತಡೆಯಲಿಲ್ಲ.

ಊಟದ ಬಿಡುವು ಮುಗಿಯುವ ಮುಂಚೆ ಸರೋಜಮ್ಮನವರು ನನ್ನ ಕೋಣೆಗೆ ಬಂದರು. ಯಾವತ್ತೂ ಬಾಗಿಲು ತಟ್ಟದೆ ಬಂದವರಲ್ಲ, ಅವತ್ತು ತಟ್ಟಲಿಲ್ಲ. ಬೆಳಗಿನಿಂದ ಅವರು ಹೊಲಿಗೆ ಕೋಣೆಯಲ್ಲೇ ಇದ್ದರು, ಚೀಟಿಯಲ್ಲಿ ಅವರಿಗೆ ಜಾಗವೇ ಇರಲಿಲ್ಲವಲ್ಲ. ಹುಡುಗಿಯರು ಹೋಗಿ ನಡೆದದ್ದನ್ನು ಹೇಳಿದ್ದರು.

"ಸಾರ್, ಆ ಮಗು ಹೊರಗಾಗಿತ್ತು."

ನಾನು ಪೆನ್ನು ಕೆಳಗಿಟ್ಟೆ.

"ಮುಟ್ಟಂಗಿಲ್ಲ ಅಂದ್ರೆ, ನಾನು ಮುಟ್ಟಂಗಿಲ್ಲ ಅಂತ ಸಾರ್. ತಿಂಗಳ ಮೂರು ದಿನ ಅವರ ಹಟ್ಟೀಲಿ ಹೆಣ್ಣುಮಕ್ಕಳು ಬೇಲಿ ಆಚೆ ಇರಬೇಕು. ಯಾರನ್ನೂ ಮುಟ್ಟಂಗಿಲ್ಲ, ಪುಸ್ತಕ ಮುಟ್ಟಂಗಿಲ್ಲ, ಹೊಸ್ತಿಲು ದಾಟಂಗಿಲ್ಲ. ಅದನ್ನ ಅಷ್ಟು ಗಂಡುಹುಡುಗರ ಮುಂದೆ ಹೇಳು ಅಂದ್ರಂತಲ್ಲ ನೀವು."

ಹೊರಗೆ, ಮುಟ್ಟು, ಮೂರು ದಿನ. ಈ ಮಾತುಗಳು ನನಗೆ ಗೊತ್ತಿಲ್ಲದವೇ? ನನ್ನ ತಾಯಿ, ನನ್ನ ಹೆಂಡತಿ ಪ್ರತಿ ತಿಂಗಳು ಆಡುತ್ತಿದ್ದವೇ. ಮನೆಯಲ್ಲಿ ಅರ್ಧ ಮಾತಿಗೇ ತಿಳಿದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದವನಿಗೆ, ಶಾಲೆಯಲ್ಲಿ ಪೂರ್ತಿ ಮಾತೂ ಕೇಳಿಸಲಿಲ್ಲ. ಸರೋಜಮ್ಮನವರು ಮೀಟಿಂಗ್‌ನಲ್ಲಿ ಆಡಬೇಕೆಂದಿದ್ದ ಒಂದೆರಡು ಮಾತೂ ಇದೇ ಆಗಿತ್ತು: ಇಂಥ ದಿನಗಳಲ್ಲಿ ಹೆದರಬೇಡಿ, ನೇರ ನನ್ನ ಕೋಣೆಗೆ ಬನ್ನಿ ಎಂದು.

ಹನುಮಂತಪ್ಪನವರನ್ನು ಕರೆಸಿ ವಿಷಯ ಹೇಳಿದೆ.

"ಅಣ್ಣ ಅಂದಿತ್ತು ಸಾ" ಎಂದರು. "ಮುಟ್ಟಂಗಿಲ್ಲ ಕಣಣ್ಣ ಅಂತು. ಈ ಊರಾಗೆ ನನಗೆ ಯಾರು ಅಣ್ಣ ಅಂತಾರೆ ಸಾ? ಮೊದಲನೇ ಮಾತು ಕಿವಿಗೆ ಬಡೀತು, ಎರಡನೇದು ಕೇಳಿಸ್ಲೇ ಇಲ್ಲ."

ಮರುದಿನ ಬೆಳಿಗ್ಗೆ ಒಂದು ಎತ್ತಿನ ಗಾಡಿ ಮಾಡಿಕೊಂಡು ಮೂವರೂ ಹಟ್ಟಿಗೆ ಹೋದೆವು. ಬೇಡ ಎಂದರೂ ಹನುಮಂತಪ್ಪನವರು ಕೇಳಲಿಲ್ಲ. ಮುಳ್ಳುಬೇಲಿಯ ಹೊರಗೆ, ಸ್ವಲ್ಪ ದೂರದಲ್ಲಿ, ಸೊಪ್ಪು ಹೊದಿಸಿದ ಒಂದು ಗುಡಿಸಲು. ಅದರ ಮುಂದೆ ಮೊಣಕಾಲಿಗೆ ಮುಖ ಒತ್ತಿ ಕುಳಿತಿದ್ದಳು ಚಿತ್ತಮ್ಮ. ನಮ್ಮನ್ನು ಕಂಡು ಒಳಗೆ ಸರಿದಳು.

ಈರಣ್ಣ ಬೇಲಿಯ ಬಾಗಿಲಿಗೆ ಬಂದ. "ಬರ್ರಿ ಸಾ, ಕುಂತ್ಕಳ್ರಿ" ಎಂದು ನನ್ನನ್ನೂ ಸರೋಜಮ್ಮನವರನ್ನೂ ಒಳಗೆ ಕರೆದ. ಹನುಮಂತಪ್ಪನವರನ್ನು ಕರೆಯಲಿಲ್ಲ. ಅವರೂ ನಿರೀಕ್ಷಿಸಿರಲಿಲ್ಲ. ನನ್ನ ಅನುಮಾನ ಪೂರ್ತಿ ಸುಳ್ಳಲ್ಲ, ನೋಡಿ. ಆ ಹಟ್ಟಿಯಲ್ಲಿ ಅದೂ ಇತ್ತು. ಆದರೆ ಅವಳಲ್ಲಿ ಇರಲಿಲ್ಲ. ನನ್ನನ್ನು ಕಂಬಳಿ ಹಾಸಿ ಕೂರಿಸಿ ಹಾಲು ಕೊಟ್ಟರು. ಬೇಲಿಯ ಆಚೆ ಉಳಿದವರು ಹನುಮಂತಪ್ಪನವರು, ಚಿತ್ತಮ್ಮ, ಆ ಇಬ್ಬರೇ.

ನಾನು ಕೈಮುಗಿದು ತಪ್ಪಾಯಿತು ಎಂದೆ. ಈರಣ್ಣ ಹೇಳಿದ, ಕೋಪವಿಲ್ಲದೆ.

"ಕೂಸು ನಿನ್ನೆ ಬರಬಾರದಿತ್ತು ಸಾ. ಇವರಮ್ಮ ಬ್ಯಾಡ ಅಂದ್ಲು. ತಪ್ಪಿಸಿದ್ರೆ ಹೆಡ್‌ಮೇಷ್ಟ್ರು ಹೆಸರು ಹೊಡೀತಾರೆ ಅಂತ ಅತ್ತು, ಯಾರ್ನೂ ಮುಟ್ಟದಂಗೆ ದೂರ ನಿಂತ್ಕಂಡು ಬರ್ತೀನಿ ಅಂತ ಆಣೆ ಮಾಡಿ ಬಂತು. ನೀವು ಕಾಲು ಮುಟ್ಟು ಅಂದ್ರಿ. ಮುಟ್ಟಿದ್ರೆ ಆ ಮನುಷ್ಯಂಗೆ ಕೇಡಾಗ್ತೈತೆ ಅಂತ ಅದರ ಹೆದ್ರಿಕೆ. ನಮಗೆ ಬೈಬೌದಾಗಿತ್ತು ಸಾ. ಆ ಮೂರು ದಿನದ ಮಾತ ಬಯಲಿಗೆ ಎಳೀಬಾರದಿತ್ತು."

ಆ ಪದ್ಧತಿ ಸರಿಯೆಂದು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಆದರೆ ಅದನ್ನು ಹೇಳುವ ಬಾಯಿ ಅವತ್ತು ನನಗಿರಲಿಲ್ಲ. ಮಗಳನ್ನು ಕಳಿಸಿಕೊಡಿ, ಸರೋಜಮ್ಮನವರೇ ನೋಡಿಕೊಳ್ಳುತ್ತಾರೆ ಎಂದು ಬೇಡಿಕೊಂಡೆ. ಸರೋಜಮ್ಮನವರು ಹೆಂಗಸರ ಜೊತೆ ಕುಳಿತು ಕೇಳಿಕೊಂಡರು. ಹಿರಿಯರಲ್ಲಿ ಒಬ್ಬರು, "ಒಂದು ಮಾತು ಬಂದ್ರೆ ಬಿಡಿಸಬೇಕು ಅಂತ ಆಗಿತ್ತು. ಮಾತು ಬಂದಾಯ್ತು" ಎಂದರು. ಅಷ್ಟಕ್ಕೇ ಮುಗಿಯಿತು. ಈರಣ್ಣ ತಲೆ ತಗ್ಗಿಸಿದ. ಕಾಡಿ ಬೇಡಿ ಒಪ್ಪಿಸಿದವನ ಮಾನವನ್ನೂ ನಾನು ತೆಗೆದಿದ್ದೆ.

ಹೊರಗೆ ಬಂದಾಗ ಹನುಮಂತಪ್ಪನವರು ಗುಡಿಸಲಿನಿಂದ ಹತ್ತು ಹೆಜ್ಜೆ ದೂರದಲ್ಲಿ, ನೆಲದ ಮೇಲೆ ಕುಳಿತಿದ್ದರು. ಆ ಕಡೆ ಬಾಗಿಲಲ್ಲಿ ಚಿತ್ತಮ್ಮ.

"ನಿನಗಂದಿದ್ದಲ್ಲ ಕಣಣ್ಣ" ಎನ್ನುತ್ತಿದ್ದಳು.

"ಗೊತ್ತವ್ವ. ನಂದೇ ತಪ್ಪು. ಬಾರವ್ವ ಸ್ಕೂಲಿಗೆ, ನೆಲದ ಮೇಲೇ ಇಡ್ತೀನಿ ಎಲ್ಲಾನೂ."

ಗಾಡಿಯಲ್ಲಿ ವಾಪಸ್ ಬರುವಾಗ ಆ ಗಟ್ಟಿ ಮನುಷ್ಯ ಟವಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ನನಗೆ ಅಳುವ ಹಕ್ಕೂ ಇಲ್ಲ ಎನಿಸಿ ಎತ್ತುಗಳ ಕಡೆ ನೋಡುತ್ತಾ ಕುಳಿತಿದ್ದೆ.

ಮತ್ತೆ ಎರಡು ಸಲ ಹೋದೆ. ಎರಡನೇ ಸಲ ಹಟ್ಟಿಯಲ್ಲಿ ಮುದುಕರು ಮಾತ್ರ ಇದ್ದರು. ಹಿಂಡು ಮೇವಿಗೆ ದೂರ ಹೋಗಿತ್ತು, ಅವಳೂ ಹಿಂಡಿನ ಜೊತೆ ಹೋಗಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರನ್ನು ಆ ವರ್ಷ ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಉಳಿಸಿಕೊಂಡೆ. ಸತತ ಗೈರುಹಾಜರಿಗೆ ನಿಯಮವಿದೆ. ಕೊನೆಗೆ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದವನು ನಾನೇ. ಹೊಡೆದು ಹಾಕ್ತೀನಿ ಎಂದಿದ್ದೆನಲ್ಲ, ಹೊಡೆದು ಹಾಕಿದೆ.

ಮರುವರ್ಷ ಚೀಟಿಯಲ್ಲಿ ಏಳು ಚೌಕಗಳಿದ್ದವು. ಮೊದಲನೆಯದು ಹೊಲಿಗೆ ಕೋಣೆ. ಹುಡುಗಿಯರು ಅಲ್ಲಿಗೇ ಮೊದಲು ಹೋಗುತ್ತಿದ್ದರು, ಬಾಗಿಲು ಮುಚ್ಚಿಕೊಂಡು ಸರೋಜಮ್ಮನವರ ಜೊತೆ ಏನೋ ಮಾತಾಡಿ ನಗುತ್ತಾ ಹೊರಗೆ ಬರುತ್ತಿದ್ದರು. ಆ ನಗು ಕೇಳಿದಾಗೆಲ್ಲ ನನಗೆ ಸಂತೋಷವಾಗುತ್ತಿರಲಿಲ್ಲ, ಮುಳ್ಳುಬೇಲಿಯ ಹೊರಗಿನ ಆ ಗುಡಿಸಲು ನೆನಪಾಗುತ್ತಿತ್ತು.

೧೯೭೯ರಲ್ಲಿ ನಾನು ಹಿರಿಯೂರಿನಲ್ಲಿದ್ದೆ. ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಎರಡು ವರ್ಷದ ಒಂದು ಹೆಣ್ಣುಮಗು, ಬೆಲ್ಲದ ಮಿಠಾಯಿ ಮೆತ್ತಿಕೊಂಡ ಕೈಯಲ್ಲಿ ಓಡಿ ಬಂದು ನನ್ನ ಬಿಳಿ ಪಂಚೆ ಹಿಡಿದುಕೊಂಡಿತು. ಹಿಂದಿನಿಂದ ತಾಯಿಯ ದನಿ: "ಲೇ, ಮುಟ್ಟಬ್ಯಾಡ ಕಣೇ!"

ತಿರುಗಿ ನೋಡಿದೆ. ಚಿತ್ತಮ್ಮ. ಅವಳೂ ನೋಡಿದಳು. ತೆಳ್ಳಗಾಗಿದ್ದಳು, ಹಣೆ ತುಂಬ ಕುಂಕುಮ, ಕಂಕುಳಲ್ಲಿ ಗಂಟು. ಇಬ್ಬರಿಗೂ ಆ ಮಾತು ಒಟ್ಟಿಗೇ ಕೇಳಿಸಿತೆಂದು ಕಾಣುತ್ತದೆ. ನಾನು ಬಗ್ಗಿ ಮಗುವನ್ನು ಎತ್ತಿಕೊಂಡೆ. ಹಿರಿಯೂರು ಕಡೆಯ ಸೋದರಮಾವನಿಗೆ ಕೊಟ್ಟಿದ್ದರಂತೆ. ಹಿಂಡು ದೊಡ್ಡದಿದೆಯಂತೆ.

"ಹನುಮಂತಣ್ಣ ಚೆನ್ನಾಗವ್ರಾ ಸಾ?" ಎಂದಳು.

"ಚೆನ್ನಾಗಿದ್ದಾರಮ್ಮ."

"ಲೈಬ್ರರೀಲಿ ಈಗ್ಲೂ ವಾರಕ್ಕೊಂದೇ ಪುಸ್ತಕನಾ?"

"ನಿನಗೆ ಹೇಗೆ ಗೊತ್ತು?"

"ಕಿಟಕೀಲಿ ಕೇಳಿಸ್ಕಂಡಿದ್ನಲ್ಲ. ಸೋಮವಾರ ತಗಂಡ್ರೆ ಮುಂದಿನ ಸೋಮವಾರ ವಾಪಸ್ಸು. ಹಾಳೆ ಮಡಿಸಂಗಿಲ್ಲ, ಎಂಜಲು ಹಚ್ಚಿ ತಿರುವಂಗಿಲ್ಲ. ಲ್ಯಾಬಿನಾಗೆ ಮೇಷ್ಟ್ರು ಇಲ್ಲದಾಗ ದೀಪ ಹಚ್ಚಂಗಿಲ್ಲ. ಆ ಬೆಳ್ಳಿ ತಂತಿಯಂಥದ್ದು ಉರೀತಲ್ಲ ಸಾ, ಅದರ ಹೆಸರು ಮೆಗ್ನೀಷಿಯಂ."

ಆರೂ ವಿಭಾಗದವರು ಅವತ್ತು ಏನೇನು ಹೇಳಿದ್ದರೋ ಒಂದೂ ಬಿಡದೆ ಹೇಳಿದಳು. ಚೀಟಿ ತುಂಬಿಸಿಕೊಂಡ ಉಳಿದ ಮಕ್ಕಳಲ್ಲಿ ಯಾರಿಗೂ ಅದು ಒಂದು ವಾರ ನೆನಪಿದ್ದಿರಲಾರದು. ನನ್ನ ಸ್ವಾಗತ ದಿನವನ್ನು ಪೂರ್ತಿ ಕೇಳಿಸಿಕೊಂಡವಳು ಅವಳೊಬ್ಬಳೇ. ಬಸ್ಸು ಬಂತು. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, "ಬರ್ತೀನಿ ಸಾ" ಎಂದು ಹತ್ತಿದಳು. ನನ್ನ ಪಂಚೆಯ ಮೇಲೆ ಐದು ಪುಟ್ಟ ಬೆರಳಿನ ಗುರುತು ಉಳಿಯಿತು.

ಮೂವತ್ತು ವರ್ಷಕ್ಕೂ ಮೇಲೆ ವ್ಯಾಕರಣ ಹೇಳಿಕೊಟ್ಟವನು ನಾನು. "ಮುಟ್ಟಂಗಿಲ್ಲ" ಎಂಬ ಒಂದು ಪದದ ವಾಕ್ಯದಲ್ಲಿ ಕರ್ತೃವೂ ಇರಲಿಲ್ಲ, ಕರ್ಮವೂ ಇರಲಿಲ್ಲ. ಯಾರು ಎಂದು ಕೇಳುವ ಬದಲು ಯಾರನ್ನ ಎಂದು ಗದರಿದೆ. ನನಗೆ ಬೇಕಾದ ಅರ್ಥವನ್ನು ನಾನೇ ಅದರಲ್ಲಿ ತುಂಬಿದೆ, ಅದೂ ಒಳ್ಳೆಯತನದ ಹೆಸರಿನಲ್ಲಿ. ಹೊಸದಾಗಿ ಬಂದ ಮಗು ಅರ್ಧ ಮಾತಾಡಿ ನಿಲ್ಲಿಸಿದರೆ, ಉಳಿದರ್ಧವನ್ನು ನಾವು ಹೇಳಬಾರದು. ಅದನ್ನು ಕೇಳಿಸಿಕೊಳ್ಳಬಲ್ಲವರು ಶಾಲೆಯಲ್ಲಿ ಎಲ್ಲೋ ಒಬ್ಬರು ಇರುತ್ತಾರೆ, ಮಗುವನ್ನು ಅವರ ಬಳಿ ಕಳಿಸಬೇಕು. ಹೆಡ್‌ಮಾಸ್ಟರನ ಕೆಲಸ ಇಷ್ಟೇ ಎಂದು ನಾನು ಕಲಿತೆ, ಅವಳನ್ನು ಕಳೆದುಕೊಂಡು ಕಲಿತೆ. ಸರೋಜಮ್ಮನವರ ಹೊಲಿಗೆ ಕೋಣೆ ನಾನು ಭಾಷಣ ಮಾಡುತ್ತಾ ನಿಂತಿದ್ದ ಜಾಗದಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು.